ಚೆಲುವಯ್ಯನ ಜಾರದ ಬಟ್ಟಲು

ಮಾಯಮ್ಮ ಹಳೆಯ ಸೀರೆಯ ತುಂಡು ಹಿಡಿದು ಮರದ ಬಟ್ಟಲು ಒರೆಸುತ್ತಿದ್ದಳು. ಬಟ್ಟೆ ಬಟ್ಟಲಿನ ಹೊಟ್ಟೆಯ ಮೇಲೆ ಅರ್ಧ ಸುತ್ತು ಸಲೀಸಾಗಿ ಹೋಗಿ ಒಂದು ಕಡೆ ಕಚ್ಚಿಕೊಂಡಿತು. ಅವಳು ಬಟ್ಟಲನ್ನು ಬೆಳಕಿಗೆ ತಿರುಗಿಸಿ, ಉಗುರಿನಿಂದ ನೂಲು ಬಿಡಿಸಿ, ಮತ್ತೆ ಒರೆಸಿದಳು. ಇನ್ನರ್ಧ ಸುತ್ತು ಹೋಗಿ, ಸರಿಯಾಗಿ ಎದುರು ಬದಿಯಲ್ಲಿ ಮತ್ತೆ ಕಚ್ಚಿಕೊಂಡಿತು. ಮತ್ತೆ ಬಿಡಿಸಿದಳು. ಎರಡನೆಯ ಬಟ್ಟಲಿಗೂ ಹಾಗೇ, ಮೂರನೆಯದಕ್ಕೂ ಹಾಗೇ. ಅವಳ ಗಂಡ ಚೆಲುವಯ್ಯ ಹೊಸ್ತಿಲ ಮೇಲೆ ಕೂತು, ಆಕಾಶ ನೋಡುವವನ ಹಾಗೆ ನಟಿಸುತ್ತಾ, ಬಟ್ಟೆಯನ್ನೇ ನೋಡುತ್ತಿದ್ದ. ಮೂರು ಬಟ್ಟಲು ಮುಗಿಯುವಷ್ಟರಲ್ಲಿ ಸೀರೆಯ ತುಂಡು ಮೀನಿನ ಬಲೆಯಂತಾಗಿತ್ತು. ಮಾಯಮ್ಮ ಅದನ್ನು ನಾಲ್ಕು ಮಡಿಕೆ ಮಡಿಚಿ, ಗಂಡನ ಮುಂದೆ ಇಟ್ಟು, ಒಳಗೆ ಹೋದಳು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವಳು ಮಾಡಿದ ಭಾಷಣಗಳಲ್ಲಿ ಇದೇ ಅತ್ಯಂತ ಉದ್ದದ್ದು.

ಚೆಲುವಯ್ಯ ಚನ್ನಪಟ್ಟಣದ ಬೊಂಬೆ ಕೆಲಸದವನು. ಸಂಘದ ಶೆಡ್ಡಿನಲ್ಲಿ ಮರ ಕಡೆಯುವ ಹತ್ತು ಲೇತುಗಳಿದ್ದವು, ನಾಲ್ಕನೆಯದು ಅವನದು. ಅವನದು ಎಂದರೆ ಕಾಗದದ ಮೇಲೆ ಸಂಘದ್ದು. ಆದರೆ ಇಪ್ಪತ್ತೇಳು ವರ್ಷ ಅದರ ಮುಂದೆ ಕೂತು ಕೂತು, ಅವನ ಹಿಮ್ಮಡಿ ತಾಗುವ ಜಾಗದಲ್ಲಿ ಸಿಮೆಂಟು ನೆಲ ಒಂದು ಅರೆಪಾವು ಎಣ್ಣೆ ನಿಲ್ಲುವಷ್ಟು ಗುಳಿಬಿದ್ದಿತ್ತು. ಬುಗುರಿ, ಗಿಲಕಿ, ಚದುರಂಗದ ಕಾಯಿ, ಬಾಗಿಲಿಗೆ ತೂಗುಬಿಡುವ ಗಿಳಿ, ಇವುಗಳಲ್ಲಿ ಅವನಿಗೆ ಸಮನಿರಲಿಲ್ಲ. ಅಂಗೈ ದಾಟುವ ಯಾವ ವಸ್ತುವನ್ನೂ ಅವನು ಹುಟ್ಟಿದಾಗಿನಿಂದ ಕಡೆದಿರಲಿಲ್ಲ. ಇದು ಅವನಿಗೆ ಗೊತ್ತಿತ್ತು. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಬೊಂಬೆಗೆ ಬೇಡಿಕೆ ಇಳಿದಾಗ ಸಂಘದ ಕಾರ್ಯದರ್ಶಿ ಅನಂತರಾಜು ಎಲ್ಲರನ್ನೂ ಶೆಡ್ಡಿನಲ್ಲಿ ಕೂರಿಸಿ ಮಾತಾಡಿದ್ದ. ಅನಂತರಾಜು ಇಸ್ತ್ರಿ ಹಾಕಿದ ಅಂಗಿಯ ಮನುಷ್ಯ. ಮೂರು ಜನ ಸೇರಿದರೆ ಅವನಿಗೆ ಅದು ಸಭೆ, ನಾಲ್ಕನೆಯವನು ಬಂದರೆ ಸಮಾರಂಭ.

"ಒಂದು ಕಂಪನಿಯೋರ್ಗೆ ಮರದ ಬಟ್ಟಲು ಬೇಕಂತೆ, ದೊಡ್ಡವು, ಊಟದ ಟೇಬಲ್ಲಿಗೆ ಇಡೋವು. ನಾನು ಕಳಿಸಿದ ನಮೂನೆ ಒಪ್ಪವ್ರೆ. ತಿಂಗಳ ಕೊನೇಲಿ ತಪಾಸಣೆಗೆ ಬತ್ತಾರೆ. ಯಾರ ಬಟ್ಟಲು ಪಾಸಾಯ್ತದೋ ಅವರಿಗೆ ಲೇತು. ಆಗದೇ ಇದ್ದೋರು ಜಾಗ ಬುಟ್ಕೊಡ್ಬೇಕು. ಹೊರಗಡೆ ಕಾಯ್ತಾ ಇರೋರು ಬೇಕಾದಷ್ಟು ಜನ ಅವ್ರೆ." ಅನಂತರಾಜು ಎಲ್ಲರ ಮುಖ ನೋಡಿದ. "ಬಟ್ಟಲು ಬರದೇ ಇರೋರು ಕೈ ಎತ್ತಿ. ನಾಚ್ಕೋಬೇಡಿ. ತಾಹೇರಾ ಹೇಳ್ಕೊಡ್ತಾಳೆ."

ತಾಹೇರಾ ಐದನೆಯ ಲೇತಿನವಳು. ಮೂವತ್ತು ದಾಟಿರದ ಹೆಂಗಸು. ಕಂಪನಿಯವರು ಒಪ್ಪಿದ ನಮೂನೆ ಅವಳದೇ. ಅದನ್ನು ಮುಟ್ಟಿದರೆ ಮರ ಮುಟ್ಟಿದ ಹಾಗಿರಲಿಲ್ಲ, ಕೂಸಿನ ಕೆನ್ನೆ ಮುಟ್ಟಿದ ಹಾಗಿತ್ತು. ಎಂಟು ಕೈಗಳು ಮೇಲೆ ಹೋದವು. ಚೆಲುವಯ್ಯನ ಕೈ ಮೊಣಕಾಲ ಮೇಲೇ ಉಳಿಯಿತು.

"ಚೆಲುವಯ್ನೋರೆ?" ಎಂದ ಅನಂತರಾಜು.

"ಬಟ್ಟಲೇನು ಸ್ವಾಮಿ ದೊಡ್ಡ ವಿಷ್ಯ. ನಮ್ಮಜ್ಜ ಬಟ್ಟಲು ಕಡೆದೂ ಕಡೆದೂ ಕಣ್ಣು ಕಳ್ಕಂಡ."

ಅವನ ಅಜ್ಜ ಕಣ್ಣು ಕಳೆದುಕೊಂಡದ್ದು ಪೊರೆ ಬಂದು. ಬಟ್ಟಲಿಗೂ ಅವನಿಗೂ ಇದ್ದ ಸಂಬಂಧ ಅಂಬಲಿ ಕುಡಿಯುವುದರ ಮಟ್ಟಿಗೆ ಮಾತ್ರ. ಆದರೆ ಆ ಅಜ್ಜ ಮೊಮ್ಮಗನಿಗೆ ಒಂದು ಪಾಠ ಕಲಿಸಿದ್ದ: ಉಳಿ ಯಾವಾಗಲೂ ದಪ್ಪದಿಂದ ಸಣ್ಣಕ್ಕೆ ಇಳಿಯಬೇಕು. ಬೊಂಬೆಗೆ ಇದು ವೇದವಾಕ್ಯ. ಬೊಂಬೆ ಕಡೆಯುವ ಆಲೆಮರದ ಕೋಲಿನಲ್ಲಿ ಎಳೆ ಉದ್ದಕ್ಕೆ ಇರುತ್ತದೆ. ದಪ್ಪದಿಂದ ಸಣ್ಣಕ್ಕೆ ಬಂದರೆ ಎಳೆ ತಲೆಬಾಗಿ ಮಲಗುತ್ತದೆ. ಬಟ್ಟಲಿನ ಮರ ಬೇರೆ ಜಾತಿ. ಅದು ಹಲಸಿನ ಹಲಗೆಯಿಂದ ಕೊಯ್ದ ಬಿಲ್ಲೆ, ಎಳೆ ಅಡ್ಡಕ್ಕೆ. ಬಿಲ್ಲೆ ಒಂದು ಸುತ್ತು ತಿರುಗುವುದರೊಳಗೆ ಎರಡು ಸಲ ಎಳೆಯ ತುದಿ ಉಳಿಗೆ ಎದುರುನಿಲ್ಲುತ್ತದೆ. ಆಗ ಹೊರಮೈಯಲ್ಲಿ ಉಳಿ ಸಣ್ಣ ತಳದಿಂದ ಅಗಲ ಅಂಚಿನ ಕಡೆಗೆ ಬರಬೇಕು, ಹಗುರವಾಗಿ. ಉಲ್ಟಾ ಬಂದರೆ ಮರ ಕೊಯ್ಯಿಸಿಕೊಳ್ಳುವುದಿಲ್ಲ, ಕೋಳಿಯ ಪುಕ್ಕ ತರಿದ ಹಾಗೆ ಕಿತ್ತುಕೊಂಡು ಬರುತ್ತದೆ. ಎದುರುಬದುರಿಗೆ ಎರಡು ಗಾಯ.

ಇದು ಶೆಡ್ಡಿನಲ್ಲಿ ಎಂಟು ಜನಕ್ಕೆ ಒಂದೇ ವಾರದಲ್ಲಿ ಗೊತ್ತಾಯಿತು. ಚೆಲುವಯ್ಯ ಮಾತ್ರ ಅವರ ಕಡೆ ಬೆನ್ನು ಹಾಕಿ ಅಜ್ಜನ ವಾಕ್ಯವನ್ನು ಪಾಲಿಸುತ್ತಿದ್ದ. ಉಳಿಯನ್ನು ಸಾಣೆಯವನ ಹತ್ತಿರ ಹಿಡಿಸಿಕೊಂಡು ಬಂದ. ಗಾಯ ಇನ್ನೂ ಚೂಪಾಗಿ ಬಂತು. ಮರಕ್ಕೆ ನೀರು ಸವರಿದ. ಕಡೆಯುವಾಗ ನುಣ್ಣಗಿದ್ದದ್ದು, ಒಣಗಿದ ಮೇಲೆ ಕ್ಷೌರ ಮಾಡಿ ಮೂರು ದಿನವಾದ ಗಲ್ಲದ ಹಾಗೆ ಎದ್ದು ನಿಂತಿತು. ಸ್ಯಾಂಡ್‌ಪೇಪರ್ ಹಾಕಿ ಆ ಎರಡೇ ಜಾಗವನ್ನು ಉಜ್ಜಿದ. ಗಾಯ ಹೋಯಿತು, ಅದರ ಜೊತೆಗೆ ಬಟ್ಟಲಿನ ದುಂಡೂ ಹೋಗಿ ಅದು ಮೊಟ್ಟೆಯಾಯಿತು. ಅರಗು ಹಚ್ಚಿ ಮುಚ್ಚಿದ. ಅರಗು ಗಾಯದೊಳಗೆ ಕೂತು, ಕಪ್ಪಗೆ, ಯಾರಾದರೂ ಮರೆತುಬಿಟ್ಟಾರು ಎಂಬ ಹಾಗೆ ಬೆಟ್ಟುಮಾಡಿ ತೋರಿಸಿತು. ಕೆಂಗಲ್ಲಿನ ಆಂಜನೇಯನಿಗೆ ಹರಕೆ ಹೊತ್ತ. ಆಂಜನೇಯ ಆ ವಾರ ಬೇರೆ ಕೆಲಸದಲ್ಲಿದ್ದನೆಂದು ಕಾಣುತ್ತದೆ.

ಒಂದು ದಿನ ಬೀಡಿ ಹುಡುಕುವ ನೆಪದಲ್ಲಿ ತಿರುಗಿದವನಿಗೆ ತಾಹೇರಾಳ ಉಳಿ ಕಂಡಿತು. ತಳದಿಂದ ಅಂಚಿಗೆ ಹೋಗುತ್ತಿತ್ತು.

"ಏನವ್ವ, ಉಲ್ಟಾ ಹೊಡೀತಿದ್ದೀಯಲ್ಲ," ಎಂದ, ಶೆಡ್ಡಿಗೆಲ್ಲ ಕೇಳುವ ಹಾಗೆ.

"ಬಟ್ಟಲಿಗೆ ಹಿಂಗೇ ಅಣ್ಣ. ಎಳೆ ಅಡ್ಡ ಐತಲ್ಲ, ಅದಕ್ಕೆ."

"ನಂಗೆ ಎಳೆ ಹೇಳ್ಕೊಡ್ತೀಯಾ? ನೀನು ತೊಟ್ಟಿಲಲ್ಲಿ ಆಡಿದ ಗಿಲಕಿ ನಾನು ಕಡೆದಿದ್ದು ಕಣವ್ವ. ದಪ್ಪದಿಂದ ಸಣ್ಣಕ್ಕೆ. ಇಷ್ಟೂ ಗೊತ್ತಿಲ್ದೆ ಎಂಟು ಜನಕ್ಕೆ ಮೇಷ್ಟ್ರಾಗಿದ್ದೀಯಾ."

ತಾಹೇರಾ ಲೇತು ನಿಲ್ಲಿಸಿ ಅವನ ಮುಖ ನೋಡಿದಳು. ಆಮೇಲೆ ಮತ್ತೆ ಲೇತು ಹಾಕಿಕೊಂಡಳು. ಅವಳು ಒಂದು ಮಾತನ್ನು ಎರಡು ಸಲ ಹೇಳುವ ಹೆಂಗಸಲ್ಲ.

ಲೇತು ಹೋದರೆ ಮುಂದೇನು ಎಂಬುದನ್ನು ಚೆಲುವಯ್ಯ ಯೋಚಿಸಬೇಕಾಗಿರಲಿಲ್ಲ. ಅವನ ಪರವಾಗಿ ಯೋಚಿಸಲು ಮಾಯಮ್ಮನ ತಮ್ಮ ಜಯಕುಮಾರ್ ಇದ್ದ. ಹಾರೋಹಳ್ಳಿಯ ಒಂದು ಕಾರ್ಖಾನೆಯ ಗೇಟಿನಲ್ಲಿ ಅವನು ಸೆಕ್ಯುರಿಟಿ ಸೂಪರ್‌ವೈಸರ್. ಭಾನುವಾರ ಟೇಪು ಹಿಡಿದುಕೊಂಡೇ ಬಂದ.

"ಭಾವ, ಒಸಿ ಎದ್ದು ನಿಂತ್ಕಳಿ. ಎದೆ ಅಳತೆ ತಕ್ಕತೀನಿ. ಯೂನಿಫಾರಂ ಹೊಲಿಯೋಕೆ ಹಾಕ್ಬುಟ್ರೆ ಒಂದು ಚಿಂತೆ ಕಳೀತದೆ."

"ನನ್ನ ಲೇತು ಇನ್ನೂ ಹೋಗಿಲ್ಲ ಕಣಪ್ಪ."

"ಹೋಗ್ಲಿ ಅಂತ ಯಾರಂದ್ರು? ಹೋದಾಗ ಅಂಗಿ ಇಲ್ದೆ ಇರಬಾರ್ದು ಅಂತ."

"ದಿನಾಲೂ ನಿಂತ್ಕಂಡೇ ಇರ್ಬೇಕಾ ಅಲ್ಲಿ?"

"ಸ್ಟೂಲ್ ಐತೆ ಭಾವ," ಎಂದು ಜಯಕುಮಾರ್ ಟೇಪು ಸುತ್ತಿದ. "ಕೂರಂಗಿಲ್ಲ. ಆದ್ರೆ ಐತೆ."

ಚೆಲುವಯ್ಯ ಎದೆಯ ಅಳತೆ ಕೊಟ್ಟ. ಉಸಿರು ಬಿಟ್ಟೇ ಕೊಟ್ಟ. ತುಂಬಿಕೊಳ್ಳುವುದಕ್ಕೆ ಏನೂ ಇರಲಿಲ್ಲ.

ಪಕ್ಕದ ಮನೆಯ ಮುನಿರತ್ನಮ್ಮ ಬೆಲ್ಲ ಕೇಳಲು ಬಂದದ್ದು ಅದೇ ಸಂಜೆ. ಬೆಲ್ಲ ಕೇಳಲು ಬಂದವಳು ಬೆಲ್ಲವನ್ನಷ್ಟೇ ನೋಡಿಕೊಂಡು ಹೋದ ಉದಾಹರಣೆ ಆ ಬೀದಿಯಲ್ಲಿ ಇರಲಿಲ್ಲ. ಜಗುಲಿಯ ಮೇಲಿದ್ದ ಬಟ್ಟಲು ಎತ್ತಿಕೊಂಡು, ಗಾಯದ ಮೇಲೆ ಬೆರಳಾಡಿಸಿದಳು. ಬಟ್ಟಲು ತಿರುಗಿಸಿ ಎದುರು ಗಾಯವನ್ನೂ ಕಂಡುಹಿಡಿದಳು.

"ಚೆಲುವಣ್ಣ, ಇದೇನಿದು ಇಲ್ಲೊಂದು ಅಲ್ಲೊಂದು ಇಲಿ ಕಡಿದಂಗೈತೆ?"

ಅಳತೆ ಕೊಟ್ಟು ಹತ್ತು ನಿಮಿಷವಾಗಿರಲಿಲ್ಲ. ಅವಮಾನ ಇನ್ನೂ ಬಿಸಿಯಾಗಿತ್ತು. ಚೆಲುವಯ್ಯನ ನಾಲಗೆ ಅವನನ್ನು ಕೇಳದೆಯೇ ಹೊರಟಿತು.

"ಅದು ಹಿಡಿ ಕಣಮ್ಮ. ಬೇಕು ಅಂತ್ಲೇ ಬುಟ್ಟಿರೋದು. ಇಲ್ಲಿ ಹೆಬ್ಬೆಟ್ಟು, ಅಲ್ಲಿ ಬೆರಳು. ಎಣ್ಣೆ ಕೈ ಆದ್ರೂ ಜಾರಲ್ಲ. ಹಳೇ ಕಾಲದ ಕೆಲ್ಸ ಅದು. ಈಗಿನೋರ್ಗೆ ಬರಲ್ಲ."

ಮುನಿರತ್ನಮ್ಮ ಬೆಲ್ಲ ಮರೆತಳು. ಅವಳ ಅತ್ತೆ ದೊಡ್ಡಲಕ್ಷ್ಮಮ್ಮನಿಗೆ ಕೈ ನಡುಕ. ಆ ಮನೆಯಲ್ಲಿ ಒಡೆಯದೆ ಉಳಿದ ಗಾಜು ಎಂದರೆ ಅವಳ ಕನ್ನಡಕ ಮಾತ್ರ. ಮುನಿರತ್ನಮ್ಮ ಬಟ್ಟಲು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು. ಅತ್ತೆಗೆ ಅದರಲ್ಲೇ ಅಂಬಲಿ ಕೊಟ್ಟಳು. ದೊಡ್ಡಲಕ್ಷ್ಮಮ್ಮ ಸಿಗುರು ಚುಚ್ಚೀತೆಂಬ ಭಯಕ್ಕೆ ಬಟ್ಟಲನ್ನು ಅಲ್ಲಾಡಿಸದೆ ಹಿಡಿದು, ಒಂದು ಹನಿ ಚೆಲ್ಲದೆ ಕುಡಿದು ಕೆಳಗಿಟ್ಟಳು. ಎರಡು ವರ್ಷದಲ್ಲಿ ಇದೇ ಮೊದಲು. ಬೀದಿಯ ಜನ ಬಂದು ನೋಡಿದರು. ಮುದುಕಿಗೆ ಹೊಟ್ಟೆ ತುಂಬಿತ್ತು; ಆದರೂ ನೋಡಲು ಬಂದವರಿಗಾಗಿ ಇನ್ನೂ ಎರಡು ಬಟ್ಟಲು ಕುಡಿದಳು.

ಮರುದಿನ ಚೆಲುವಯ್ಯ ಶೆಡ್ಡಿಗೆ ಹೋದಾಗ ಅನಂತರಾಜು ಬಾಗಿಲಲ್ಲೇ ಕೈಮುಗಿದು ನಿಂತಿದ್ದ.

"ಇಷ್ಟು ದಿನ ಬಾಯಿ ಬುಡಲಿಲ್ವಲ್ಲ ನೀವು. ಕೈ ನಡುಗೋರ್ಗೆ ಜಾರದ ಬಟ್ಟಲು. ಇಂಥ ವಿದ್ಯೆ ಮಡಿಕ್ಕಂಡು ಸುಮ್ನೆ ಕೂತಿದ್ರಲ್ಲ."

"ಸ್ವಾಮಿ, ಅದು..."

"ಹೇಳ್ಬೇಡಿ. ಗೊತ್ತಾಯ್ತು. ನಿಮ್ಮಜ್ಜನ ವಿದ್ಯೆ."

ಆ ಹೊತ್ತಿಗೆ ಅನಂತರಾಜು ಒಂದು ಕಾಗದವನ್ನೂ ಬರೆದು ಗೋಡೆಗೆ ಅಂಟಿಸಿಯಾಗಿತ್ತು. ಇನ್ನು ಮುಂದೆ ಸಂಘದಲ್ಲಿ ನುಣ್ಣನೆಯ ಬಟ್ಟಲು ಕಡೆಯತಕ್ಕದ್ದಲ್ಲ; ಎಲ್ಲ ಬಟ್ಟಲಿಗೂ ಎದುರುಬದುರು ಎರಡು ಹಿಡಿ ಕಡ್ಡಾಯ; ತಾಹೇರಾ ಅವರ ತರಬೇತಿ ನಿಲ್ಲಿಸಲಾಗಿದೆ; ಉಳಿದ ದಿನಗಳಿಗೆ ಶ್ರೀ ಚೆಲುವಯ್ಯನವರು ಮಾರ್ಗದರ್ಶನ ಮಾಡುವರು. ಕೆಳಗೆ ರುಜು, ಮೊಹರು. ತಪ್ಪೊಂದಕ್ಕೆ ಇಷ್ಟು ಬೇಗ ಮೊಹರು ಬಿದ್ದದ್ದನ್ನು ಚೆಲುವಯ್ಯ ಎಲ್ಲೂ ಕಂಡಿರಲಿಲ್ಲ. ರೇಷನ್ ಕಾರ್ಡಿಗೆ ಅವನು ಹನ್ನೊಂದು ತಿಂಗಳು ಓಡಾಡಿದ್ದ.

ಹೀಗೆ ಬಟ್ಟಲು ಕಡೆಯಲು ಬಾರದ ಒಬ್ಬನೇ ಮನುಷ್ಯ, ಕಡೆಯಲು ಕಲಿತ ಒಂಬತ್ತು ಜನಕ್ಕೆ ಗುರುವಾದ. ಅವರು ನಿಷ್ಠೆಯಿಂದ ಕಲಿತರು. ಕಷ್ಟಪಟ್ಟು ಕಲಿತರು. ನುಣ್ಣಗೆ ಬರುವ ಕೈಯನ್ನು ಕೆಡಿಸಿಕೊಳ್ಳುವುದೂ ಒಂದು ಸಾಧನೆಯೇ.

"ಚೆಲುವಣ್ಣ, ನಂದು ಮತ್ತೆ ನುಣ್ಣಗೇ ಬಂದ್ಬುಡ್ತು. ಏನ್ ತಪ್ಪು ಮಾಡ್ತಿದ್ದೀನಿ?" ಎಂದು ಒಂದನೆಯ ಲೇತಿನ ಹುಸೇನ್ ಕೇಳಿದ. ಚೆಲುವಯ್ಯನಿಗಿಂತ ಹಿರಿಯ, ಕಣ್ಣಲ್ಲಿ ನಿಜವಾದ ಕಳವಳವಿತ್ತು.

"ಒಸಿ ಒತ್ತಿ ಹಿಡಿ ಭಾಯಿ. ದಪ್ಪದಿಂದ ಸಣ್ಣಕ್ಕೆ."

"ಉಳಿ ಮೊಂಡ ಮಾಡ್ಕಳ್ಲಾ?"

"ಮಾಡ್ಕೋ," ಎಂದು ಚೆಲುವಯ್ಯ ಗೋಡೆಯ ಕಡೆ ತಿರುಗಿದ.

ತಾಹೇರಾಳ ಬಟ್ಟಲನ್ನು ಅನಂತರಾಜು ಎಲ್ಲರೆದುರು ಎತ್ತಿ ಹಿಡಿದು, ಬೇಕೆಂದೇ ಕೈಯಿಂದ ಜಾರಿಸಿ, ನೆಲದಿಂದ ಎತ್ತಿಕೊಂಡ. "ನೋಡಿದ್ರಾ? ಇದು ಬಟ್ಟಲಲ್ಲ ಕಣಮ್ಮ, ಸೋಪು." ತಾಹೇರಾ ಬಟ್ಟಲು ಇಸಿದುಕೊಂಡು ಅಂಚಿನ ಪೆಟ್ಟು ನೋಡಿದಳು. ಮತ್ತೆ ಲೇತಿಗೆ ಬಿಲ್ಲೆ ಹಾಕಿ, ಅಗಲದಿಂದ ತಳಕ್ಕೆ, ಒತ್ತಿ ಉಳಿ ಎಳೆದಳು. ಎರಡು ಕಡೆ ಮರ ಚರಚರ ಕಿತ್ತು ಬಂತು. ಅನಂತರಾಜು ಚಪ್ಪಾಳೆ ತಟ್ಟಿದ. ಚೆಲುವಯ್ಯ ಬೀಡಿ ಹುಡುಕುವ ನೆಪದಲ್ಲಿ ಹೊರಗೆ ಹೋದ.

ತಪಾಸಣೆಗೆ ಎರಡು ದಿನ ಉಳಿದಾಗ ಅವನು ಗಟ್ಟಿ ಮನಸ್ಸು ಮಾಡಿ ಅನಂತರಾಜುವಿನ ಕೋಣೆಗೆ ಹೋದ. ಬಾಗಿಲು ಹಾಕಿಕೊಂಡ.

"ಸ್ವಾಮಿ, ಅದು ಹಿಡಿಯಲ್ಲ. ಅದು ತಪ್ಪು. ನಂಗೆ ಬಟ್ಟಲು ಕಡೆಯೋಕೆ ಬರಲ್ಲ."

ಅನಂತರಾಜು ಪೆನ್ನು ಕೆಳಗಿಟ್ಟ. ಅವನ ಕಣ್ಣು ತುಂಬಿ ಬಂತು.

"ದೊಡ್ಡ ಕೆಲಸಗಾರ್ರು ಹಿಂಗೇ ಹೇಳೋದು. ಬರೋರು ಬರಲ್ಲ ಅಂತಾರೆ. ಬರದೇ ಇರೋರು ಕುಣೀತಾರೆ."

"ನಿಜವಾಗ್ಲೂ ಬರಲ್ಲ ಸ್ವಾಮಿ. ಅಜ್ಜಂಗೂ ಬರ್ತಿರಲಿಲ್ಲ."

"ವಿನಯ ಅಂದ್ರೆ ಇದು," ಎಂದು ಅನಂತರಾಜು ಎದ್ದು ಬಂದು ಅವನ ಕಾಲು ಮುಟ್ಟಿದ. "ಕಂಪನಿಯೋರು ಬಂದಾಗ ಇದೇ ಥರ ಹೇಳಿ. ಫೋಟೋ ತೆಗಿಸ್ತೀನಿ."

ಚೆಲುವಯ್ಯ ಹೊರಗೆ ಬಂದು ಹಲಗೆಗಳ ರಾಶಿಯ ಮೇಲೆ ಕೂತ. ಸುಳ್ಳು ಹೇಳಿದರೆ ನಂಬಿದರು. ನಿಜ ಹೇಳಿದರೆ ಕಾಲಿಗೆ ಬಿದ್ದರು. ಮೂರನೆಯದೊಂದು ಇದ್ದಿದ್ದರೆ ಅದನ್ನೂ ಹೇಳಿನೋಡುತ್ತಿದ್ದ. ಈಗ ಹೋಗುವುದು ತನ್ನ ಒಂದು ಲೇತಲ್ಲ, ಹತ್ತೂ ಲೇತು ಎಂದು ಅವನಿಗೆ ಅರ್ಥವಾಗಿತ್ತು, ಅರ್ಥವಾಗಿದ್ದು ಅವನೊಬ್ಬನಿಗೇ. ಇಲ್ಲ, ತಾಹೇರಾಗೂ. ಅವಳ ಕಡೆ ನೋಡುವುದನ್ನು ಅವನು ಬಿಟ್ಟಿದ್ದ.

ತಪಾಸಣೆಯ ಮನುಷ್ಯ ಬಂದ. ಸಣಕಲು ಆಳು, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಕಂಪನಿಗೆ ಮೊದಲು ಹೋಗಿದ್ದ ತಾಹೇರಾಳ ನಮೂನೆ. ಮೇಜಿನ ಮೇಲೆ ಹತ್ತು ಬಟ್ಟಲುಗಳು ಸಾಲಾಗಿದ್ದವು, ಪ್ರತಿಯೊಂದಕ್ಕೂ ಎದುರುಬದುರು ಎರಡೆರಡು ಹಿಡಿ. ಮುನಿರತ್ನಮ್ಮ ಅತ್ತೆಯನ್ನು ಆಟೋದಲ್ಲಿ ಕರೆತಂದು ಕುರ್ಚಿಯಲ್ಲಿ ಕೂರಿಸಿದ್ದಳು, ಅಂಬಲಿ ಸಮೇತ. ಜಯಕುಮಾರ್ ರಜೆ ಹಾಕಿ ಬಂದಿದ್ದ. "ನಮ್ ಭಾವ," ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಹೊಲಿದು ಬಂದ ನೀಲಿ ಅಂಗಿಯೂ ಚೀಲದಲ್ಲಿತ್ತು; ಜಯಕುಮಾರ್ ಎರಡಕ್ಕೂ ತಯಾರಿರುವ ಮನುಷ್ಯ.

ತಪಾಸಣೆಯವನು ಮೊದಲ ಬಟ್ಟಲಿನ ಸುತ್ತ ಬೆರಳು ಎಳೆದ. ನಿಂತ. ಬೆರಳು ಕಣ್ಣಿನ ಹತ್ತಿರ ತಂದು, ಉಗುರಿನಿಂದ ಸಿಗುರು ಕಿತ್ತು, ಬೆರಳನ್ನು ಬಾಯಲ್ಲಿಟ್ಟು ಚೀಪಿಕೊಂಡ.

"ಏನಿದು?"

"ಹಿಡಿ ಸಾರ್," ಎಂದ ಅನಂತರಾಜು. "ಜಾರಬಾರ್ದು ಅಂತ. ಅಮ್ಮ, ಒಸಿ ಕುಡಿದು ತೋರ್ಸಿ."

ದೊಡ್ಡಲಕ್ಷ್ಮಮ್ಮ ಕುಡಿದು ತೋರಿಸಿದಳು. ತಪಾಸಣೆಯವನು ಅವಳು ಕುಡಿದು ಮುಗಿಸುವವರೆಗೂ ಮರ್ಯಾದೆಯಿಂದ ಕಾದ. ಆಮೇಲೆ ಅವಳ ಕೈಯಿಂದ ಬಟ್ಟಲು ಇಸಿದುಕೊಂಡು, ಗಾಯದೊಳಗೆ ಸಿಕ್ಕಿಕೊಂಡಿದ್ದ ಅಂಬಲಿಯನ್ನು ಪೆನ್ನಿನ ತುದಿಯಿಂದ ತೋರಿಸಿದ.

"ಇದು ಇಲ್ಲೇ ಕೂತು ಹುಳಿ ಬರುತ್ತೆ. ಆಮೇಲೆ ಬೂಷ್ಟು ಹಿಡಿಯುತ್ತೆ. ಮರ ಕಿತ್ತಿದೆ ಸಾರ್ ಇದು. ಕಲಿಯೋರು ಮೊದಲನೇ ದಿನ ಮಾಡೋ ತಪ್ಪು. ಹತ್ತೂ ಜನ ಒಂದೇ ಥರ ಹೇಗೆ ಮಾಡಿದ್ರಿ?"

ಇದಕ್ಕೆ ಉತ್ತರ ಗೋಡೆಯ ಮೇಲೆ ಮೊಹರಿನ ಸಮೇತ ಅಂಟಿಕೊಂಡಿತ್ತು. ಅನಂತರಾಜು ಮೆಲ್ಲಗೆ ಹಿಂದೆ ಸರಿದು ಅದಕ್ಕೆ ಬೆನ್ನು ಕೊಟ್ಟು ನಿಂತ.

"ಚೆಲುವಯ್ನೋರೆ, ಹೇಳಿ. ನಿಮ್ಮಜ್ಜನ ವಿದ್ಯೆ ಅಂತ ಹೇಳಿ."

"ತಪ್ಪು ಸ್ವಾಮಿ," ಎಂದ ಚೆಲುವಯ್ಯ. ಈ ಸಲ ಯಾರೂ ಅದನ್ನು ವಿನಯವೆಂದು ತಿಳಿಯಲಿಲ್ಲ.

ತಪಾಸಣೆಯವನು ಕೆಟ್ಟವನೇನಲ್ಲ. ಗಡಿಯಾರ ನೋಡಿಕೊಂಡ. ಕನಕಪುರದಲ್ಲಿ ಇನ್ನೊಂದು ಕಡೆ ಕೆಲಸವಿದೆ, ಸಂಜೆ ಐದಕ್ಕೆ ಇದೇ ದಾರಿಯಲ್ಲಿ ವಾಪಸು ಬರುತ್ತೇನೆ ಎಂದ. ತಾಹೇರಾಳ ನಮೂನೆಯನ್ನು ಮೇಜಿನ ನಡುವೆ ಇಟ್ಟ. "ಇಂಥದ್ದು ಒಬ್ಬೊಬ್ರೂ ಒಂದೊಂದು ಕಡೆದು ಇಟ್ಟಿರಿ. ಯಾರದು ಹೀಗೆ ಬರುತ್ತೋ ಅವರ ಹೆಸರು ಬರ್ಕೊಂಡು ಹೋಗ್ತೀನಿ. ಬರದೇ ಇದ್ದೋರದು ನನ್ನ ಕೈಲಿಲ್ಲ."

ಅವನ ಕಾರು ಮರೆಯಾಗುವ ಮುಂಚೆಯೇ ಒಂಬತ್ತು ಲೇತುಗಳು ಶುರುವಾದವು. ಯಾರೂ ಯಾರನ್ನೂ ಬಯ್ಯಲಿಲ್ಲ, ಬಯ್ಯುವುದಕ್ಕೆ ಪುರುಸೊತ್ತಿರಲಿಲ್ಲ. ಹುಸೇನ್ ಮೊಂಡು ಮಾಡಿಕೊಂಡಿದ್ದ ಉಳಿಯನ್ನು ಸಾಣೆಕಲ್ಲಿಗೆ ಹಿಡಿದು ಮರಳಿ ಹರಿತ ಮಾಡಿದ. ಕಲಿತ ವಾರ ಅವರ ಕೈಗಳಲ್ಲಿ ಇನ್ನೂ ಉಳಿದಿತ್ತು. ಒಂಬತ್ತು ಉಳಿಗಳೂ ತಳದಿಂದ ಅಂಚಿಗೆ, ಹಗುರವಾಗಿ ಹೋಗತೊಡಗಿದವು. ತೆಳ್ಳನೆಯ ಸುರುಳಿಗಳು ಮೊಣಕಾಲ ಮೇಲೆ ಬಿದ್ದವು. ಮುನಿರತ್ನಮ್ಮ ಅತ್ತೆಯನ್ನು ಎಬ್ಬಿಸಿಕೊಂಡು ಹೋದಳು. ಹೋಗುವಾಗ ಚೆಲುವಯ್ಯನ ಕಡೆ ನೋಡಿ, "ಏನೋಪ್ಪ, ನಮ್ಮತ್ತೆಗಂತೂ ಚೆನ್ನಾಗೈತೆ," ಎಂದಳು. ಅದು ಸಮಾಧಾನವೋ ಚುಚ್ಚುಮಾತೋ ಅವಳಿಗೂ ಗೊತ್ತಿದ್ದಂತಿರಲಿಲ್ಲ. ಜಯಕುಮಾರ್ ನೀಲಿ ಅಂಗಿಯನ್ನು ನಾಲ್ಕನೆಯ ಲೇತಿನ ಪಕ್ಕದ ಮೊಳೆಗೆ ತೂಗುಹಾಕಿ ಬಸ್ಸಿಗೆ ಹೋದ.

ಚೆಲುವಯ್ಯನೂ ಬಿಲ್ಲೆ ಹಾಕಿದ. ತಳದಿಂದ ಅಂಚಿಗೆ ಎಂದು ತನಗೆ ತಾನೇ ಹೇಳಿಕೊಂಡ. ಉಳಿ ಮುಂದೆ ಹೋಗುವ ಬದಲು ಎಗರಿತು. ಇಪ್ಪತ್ತೇಳು ವರ್ಷದ ಮಣಿಕಟ್ಟು ಹೊಸ ದಿಕ್ಕಿಗೆ ತಿರುಗಲೊಪ್ಪಲಿಲ್ಲ; ಎಲ್ಲಿ ಊರಬೇಕು, ಎಷ್ಟು ಓರೆ ಮಾಡಬೇಕು, ಯಾವುದೂ ಗೊತ್ತಿರಲಿಲ್ಲ. ಮೊದಲನೆಯ ಬಿಲ್ಲೆ ಸೀಳಿತು. ಎರಡನೆಯದು ಲೇತಿನಿಂದ ಕಿತ್ತುಕೊಂಡು ಗೋಡೆಯ ತನಕ ಉರುಳಿಕೊಂಡು ಹೋಯಿತು. ಮೂರನೆಯದನ್ನು ಲೇತಿಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡ. ಮೂರೂವರೆಯಾಗಿತ್ತು. ಸುತ್ತ ಆರು ಬಟ್ಟಲು ಮುಗಿದು ಮೇಜಿನ ಮೇಲೆ ಹೊಳೆಯುತ್ತಿದ್ದವು. ಏಳನೆಯದು ಮುಗಿಯುತ್ತಾ ಇತ್ತು.

ಅಷ್ಟರಲ್ಲಿ ಕರೆಂಟು ಹೋಯಿತು. ಲೇತುಗಳು ಒಂದೊಂದಾಗಿ ಸೊರಗಿ ನಿಂತವು. ಬೆಳಗಿನಿಂದ ಮೊದಲ ಸಲ ಶೆಡ್ಡಿನಲ್ಲಿ ಸದ್ದೇ ಇರಲಿಲ್ಲ. ಹೆದ್ದಾರಿಯ ಕಡೆಯಿಂದ ಒಂದು ಲಾರಿ ಹೋದದ್ದು ಕೇಳಿಸಿತು. ಸ್ವರ ಎಷ್ಟೇ ತಗ್ಗಿಸಿದರೂ ಎಲ್ಲರಿಗೂ ಕೇಳುತ್ತದೆ ಎಂದು ಚೆಲುವಯ್ಯನಿಗೆ ಗೊತ್ತಿತ್ತು. ಆದರೂ ಹೇಳಿದ.

"ತಾಹೇರಮ್ಮ, ಉಳಿ ಹೆಂಗೆ ಹಿಡೀಬೇಕು ಒಸಿ ತೋರ್ಸವ್ವ."

ತಾಹೇರಾ ತನ್ನ ಬಟ್ಟಲಿನ ಒಳಗಿನ ಪುಡಿಯನ್ನು ಬೆರಳಿನಿಂದ ಬಳಿದು ತೆಗೆಯುತ್ತಿದ್ದಳು. ಹುಸೇನ್ ತಲೆಯ ಮೇಲಿನ ಬಲ್ಬನ್ನು ನೋಡುತ್ತಿದ್ದ. ಉಳಿದವರೂ ಬಲ್ಬನ್ನೇ ನೋಡುತ್ತಿದ್ದರು. ಚೆಲುವಯ್ಯ ತನ್ನ ಮಣೆಯನ್ನು ಐದನೆಯ ಲೇತಿನ ಕಡೆಗೆ ಒಂದು ಗೇಣು ಎಳೆದುಕೊಂಡ.

"ಒಂದ್ಸಲ ತೋರ್ಸಿದ್ರೆ ಸಾಕು. ನಿಧಾನಕ್ಕೆ," ಎಂದ.